ಮೇ ತಿಂಗಳ ಮಧ್ಯಾಹ್ನಕ್ಕೊಂದು ಟೈಮಿಂಗ್

ರ್ಯಾಮ್ ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು 6000, 6400 ಎಂಬ ದಪ್ಪ ಅಂಕಿ. ನಾನು ಹುಡುಕುವುದು ಪಕ್ಕದಲ್ಲಿ ಸಣ್ಣಗೆ ಅಚ್ಚಾದ ಸಾಲನ್ನು: 30-38-38-96. ಮೊದಲ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ದತ್ತಾಂಶಕ್ಕಾಗಿ ಕಾಯುವ ಹೊತ್ತು ಸಿಗುತ್ತದೆ. 6000ಕ್ಕೆ 30 ಇದ್ದರೆ 10 ನ್ಯಾನೋಸೆಕೆಂಡ್. 6400ಕ್ಕೆ 40 ಇದ್ದರೆ 12.5. ಹಳೆಯ ಡಿಡಿಆರ್4ನ 3200ಕ್ಕೆ 16 ಇದ್ದರೂ ಅದೇ 10. ತಲೆಮಾರು ಬದಲಾದರೂ ಕಾಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ ಉಳಿದಿದೆ. ಆಮೇಲೆ ಹರಿದು ಬರುವ ದತ್ತಾಂಶ ಮಾತ್ರ ಹೆಚ್ಚಿದೆ.

ಆ ಸಾಲಿನ ನಾಲ್ಕು ಅಂಕಿಗಳು ಅರ್ಥವಾಗಲು ನಮ್ಮ ವಡೋದರಾದ ಮಂಗಳ ಬಜಾರಿನ ಹಳೆ ಅಂಗಡಿಯ ಲೆಕ್ಕದ ಪುಸ್ತಕ ನೆನೆಸಿಕೊಳ್ಳಿ. ಬೇಕಾದ ಪುಟ ತೆರೆಯಲು ಹಿಡಿಯುವ ಹೊತ್ತು ಎರಡನೆಯ ಅಂಕಿ. ತೆರೆದ ಪುಟದಲ್ಲಿ ಬೇಕಾದ ಸಾಲು ಓದಲು ಮೊದಲನೆಯದು. ಇನ್ನೊಂದು ಪುಟಕ್ಕೆ ಹೋಗುವ ಮುನ್ನ ಇದನ್ನು ಮುಚ್ಚಲು ಮೂರನೆಯದು. ಪುಟ ಕನಿಷ್ಠ ಎಷ್ಟು ಹೊತ್ತು ತೆರೆದಿರಬೇಕು ಎನ್ನುವುದು ನಾಲ್ಕನೆಯದು.

ಈ ನಾಲ್ಕರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ವಡೋದರಾದಲ್ಲಿ ಕೂತವರು ಯೋಚಿಸಬೇಕಾದದ್ದು ಐದನೆಯದರ ಬಗ್ಗೆ: ಬಯೋಸ್‌ನ ಒಳಪುಟದಲ್ಲಿರುವ ಟಿಆರ್‌ಇಎಫ್‌ಐ. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಕಂಡುಕೊಂಡ ಮೆಮೊರಿ ರಚನೆಯೇ ಇಂದಿಗೂ ನಡೆಯುತ್ತಿದೆ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಆ ಕೆಪಾಸಿಟರ್ ಸೋರುತ್ತದೆ. ಹಾಗಾಗಿ ಆಗಾಗ ರಿಫ್ರೆಶ್ ಮಾಡಬೇಕು, ಆ ಹೊತ್ತಿನಲ್ಲಿ ಓದು ನಿಲ್ಲುತ್ತದೆ. ಎರಡು ರಿಫ್ರೆಶ್‌ಗಳ ನಡುವಿನ ಅಂತರವೇ ಟಿಆರ್‌ಇಎಫ್‌ಐ; ಡಿಡಿಆರ್5ನಲ್ಲಿ ಅದು 3.9 ಮೈಕ್ರೋಸೆಕೆಂಡ್, 6000 ವೇಗದಲ್ಲಿ 11,700 ಕ್ಲಾಕ್. ಇದನ್ನು 65,535ಕ್ಕೆ ಏರಿಸಿದರೆ ಆಟದ ಫ್ರೇಮುಗಳು ಸಲೀಸಾಗುತ್ತವೆ ನಿಜ. ಆದರೆ ಸೋರಿಕೆ ಬಿಸಿಯೊಂದಿಗೆ ಏರುತ್ತದೆ. ಜನವರಿಯ ರಾತ್ರಿ ಪಾಸಾದ ಸೆಟ್ಟಿಂಗ್, ಹೊರಗೆ 42 ಡಿಗ್ರಿ ಇರುವ ಮೇ ಮಧ್ಯಾಹ್ನ, ಗ್ರಾಫಿಕ್ಸ್ ಕಾರ್ಡು ಕೆಳಗಿನಿಂದ ಬಿಸಿಗಾಳಿ ಊದುವಾಗ ಕೈಕೊಡುತ್ತದೆ. ಆಟ ನಿಂತರೆ ಪುಣ್ಯ. ಸದ್ದಿಲ್ಲದೆ ಒಂದು ಬಿಟ್ ತಿರುಗಿ ಫೋಟೋ ಫೈಲು ಕೆಟ್ಟರೆ ಗೊತ್ತೂ ಆಗುವುದಿಲ್ಲ.

ಮೈಕ್ರಾನ್ ಕಂಪನಿ 2023ರಲ್ಲಿ ಇದೇ ಗುಜರಾತಿನ ಸಾನಂದಕ್ಕೆ ಘೋಷಿಸಿದ್ದು ಮೆಮೊರಿ ಚಿಪ್ಪುಗಳ ಜೋಡಣೆ ಮತ್ತು ಪರೀಕ್ಷೆಯ ಘಟಕವನ್ನು. ಈ ಉದ್ಯಮದಲ್ಲಿ ಪರೀಕ್ಷೆಗೆ ಅಷ್ಟು ತೂಕವಿದೆ. ಚಿಪ್ಪು ಬಿಸಿಯಲ್ಲೂ ತಣ್ಣಗಿರುವಾಗಲೂ ಪಾಸಾದ ಮೇಲೆಯೇ ಕಂಪನಿ ಅದರ ಮೇಲೆ ಅಂಕಿ ಬರೆಯುತ್ತದೆ. ಆ ಅಂಕಿಯನ್ನು ಬಿಗಿ ಮಾಡಿದ ಕ್ಷಣದಿಂದ ಪರೀಕ್ಷೆಯ ಹೊಣೆ ನಮ್ಮದು.

ನನ್ನ ಸಲಹೆ ಇಷ್ಟು. ಬಯೋಸ್‌ನಲ್ಲಿ ರ್ಯಾಮ್‌ನ ಸಿದ್ಧ ಪ್ರೊಫೈಲ್ ಆದ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ, ಮೊದಲ ಅಂಕಿಯನ್ನು ಎರಡೆರಡೇ ಇಳಿಸುತ್ತಾ ಬನ್ನಿ. ಟಿಆರ್‌ಇಎಫ್‌ಐ ಈ ಊರಿನಲ್ಲಿ 30,000 ದಾಟುವುದು ಬೇಡ. 96 ಎಂಬಿ ಕ್ಯಾಶ್ ಇರುವ ರೈಜನ್ 7800ಎಕ್ಸ್3ಡಿ ಇದ್ದವರಿಗಂತೂ ಇಷ್ಟೆಲ್ಲ ಹೆಣಗಾಟದಿಂದ ಸಿಗುವುದು ಕಡಿಮೆ. ಆ ಪ್ರೊಸೆಸರ್ ರ್ಯಾಮ್ ಬಾಗಿಲು ತಟ್ಟುವುದೇ ಅಪರೂಪ. ಡಿಡಿಆರ್5 ಕಡ್ಡಿಯಲ್ಲಿ ಉಷ್ಣಮಾಪಕ ಇದ್ದೇ ಇರುತ್ತದೆ, ಅದು 50 ಡಿಗ್ರಿ ದಾಟದಂತೆ ಮೇಲೊಂದು ಸಣ್ಣ ಫ್ಯಾನು ಕಟ್ಟಿ. ಮೆಮೊರಿ ಪರೀಕ್ಷೆಯನ್ನು ಎಸಿ ಆರಿಸಿ, ಗ್ರಾಫಿಕ್ಸ್ ಕಾರ್ಡಿಗೂ ಪೂರ್ತಿ ಕೆಲಸ ಕೊಟ್ಟು, ಮಧ್ಯಾಹ್ನ ಎರಡು ಗಂಟೆಗೆ ಓಡಿಸಿ.