ಫ್ಲಾಪಿ ಹೋಗಲಿ, ಮಿತಿ ಉಳಿಯಲಿ

ಊರಹಬ್ಬದ ರಸಮಂಜರಿ ಮಧ್ಯೆ ಕರೆಂಟು ಹೋದರೆ ಕೀಬೋರ್ಡ್ ನುಡಿಸುವವರ ಪಾಡು ಬೇರೆಯವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಜನರೇಟರ್ ಶುರುವಾದೊಡನೆ ಹಾಡುವವರು ಮೈಕ್ ತಟ್ಟಿ ನೋಡುತ್ತಾರೆ, ತಬಲಾದವರು ಸುತ್ತಿಗೆ ಹಿಡಿದು ಶ್ರುತಿ ಸರಿಮಾಡಿಕೊಳ್ಳುತ್ತಾರೆ, ಜನ ಶಿಳ್ಳೆ ಹೊಡೆಯುತ್ತಾರೆ. ಕಾರ್ಗ್ ಟ್ರೈಟನ್ ಇಟ್ಟುಕೊಂಡವರು ಮಾತ್ರ ಫ್ಲಾಪಿ ಡಬ್ಬಿಗೆ ಕೈ ಹಾಕಬೇಕು. 1999ರಲ್ಲಿ ಬಂದ ಆ ಕೀಬೋರ್ಡಿನಲ್ಲಿ ಸ್ಯಾಂಪ್ಲರ್ ಕೂಡ ಇದೆ. ಹೊರಗಿನ ದನಿಯನ್ನು ಹಿಡಿದಿಟ್ಟು ಕೀಗಳ ಮೇಲೆ ನುಡಿಸಬಹುದು. ಆದರೆ ಹಿಡಿದ ದನಿ ಇರುವುದು 16 ಎಂಬಿ ರ‍್ಯಾಮ್‌ನಲ್ಲಿ. ವಿದ್ಯುತ್ ನಿಂತರೆ ಅದೂ ಅಳಿಸಿಹೋಗುತ್ತದೆ. ಪೂರ್ತಿ ಮತ್ತೆ ತುಂಬಬೇಕೆಂದರೆ 1.44 ಎಂಬಿಯ ಫ್ಲಾಪಿ ಹನ್ನೆರಡು ಬೇಕು, ಒಂದಾದ ಮೇಲೊಂದು. ಹನ್ನೊಂದನೆಯದು ಓದದೇ ಹೋದರೆ ಅಲ್ಲಿಗೆ ಮುಗಿಯಿತು.

ಹಳೆಯ ಸ್ಯಾಂಪ್ಲರ್‌ಗಳಿಂದ ಫ್ಲಾಪಿ ಡ್ರೈವ್ ಬಿಚ್ಚಿ ಮೆಮೊರಿ ಕಾರ್ಡ್ ಕೂರಿಸುವ ರೂಢಿಯನ್ನು ತೂಗಿನೋಡುವುದಕ್ಕೆ ನಾನು ಈ ವೇದಿಕೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಮೈಸೂರಿನಲ್ಲಿ ಈ ವಿಷಯಕ್ಕೆ ನಿಜವಾದ ನೆಲೆ ಇರುವುದು ಇಲ್ಲೇ. ಅಕಾಯ್ ಎಂಪಿಸಿ ಎಂಬ ಸ್ಯಾಂಪ್ಲರ್ ಇರುವ ಮನೆ ನಮ್ಮಲ್ಲಿ ಅಪರೂಪ. ಫ್ಲಾಪಿ ನುಂಗುವ ಕೀಬೋರ್ಡ್ ಅಪರೂಪವಲ್ಲ. ಈಗ ಲ್ಯಾಪ್‌ಟಾಪ್ ಬಿಟ್ಟು ಯಂತ್ರದ ಪ್ಯಾಡ್ ಬಡಿದು ಬೀಟ್ ಕಟ್ಟುವ ಹುಡುಗರು ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸಿಕೊಂಡಿದ್ದಾರೆ. ಕೈಗೆ ಒಂದು ಹಳೆಯ ಯಂತ್ರ ಸಿಕ್ಕಿದೊಡನೆ ಅವರ ಮೊದಲ ಪ್ರಶ್ನೆ ಒಂದೇ: ಇದಕ್ಕೆ ಎಷ್ಟು ಜಿಬಿ ಹಾಕಿಸಬಹುದು?

ಯಂತ್ರಗಳು ಹೇಗಿದ್ದವೆಂದು ಮೊದಲು ನೋಡೋಣ. 1987ರ ಇ-ಮ್ಯೂ ಎಸ್‌ಪಿ-1200 ಯಂತ್ರಕ್ಕೆ ಒಟ್ಟು 10 ಸೆಕೆಂಡು ದನಿ ಹಿಡಿಯುವಷ್ಟು ಜಾಗ, ಅದೂ 12 ಬಿಟ್‌ನಲ್ಲಿ. ರೋಜರ್ ಲಿನ್ ಅಕಾಯ್ ಕಂಪನಿಗೆ ರೂಪಿಸಿಕೊಟ್ಟ ಎಂಪಿಸಿ-60 ಮರುವರ್ಷ ಬಂತು, ಅದಕ್ಕೆ 13 ಸೆಕೆಂಡು. ಎಂಪಿಸಿ-2000 ಬರುವ ಹೊತ್ತಿಗೆ 16 ಬಿಟ್ ಆಗಿತ್ತು, 2 ಎಂಬಿ ಮೆಮೊರಿ, 32 ಎಂಬಿವರೆಗೆ ಹೆಚ್ಚಿಸಿಕೊಳ್ಳುವ ಅವಕಾಶ. 32 ಎಂಬಿ ಎಂದರೆ ಒಂಟಿ ಚಾನೆಲ್‌ನಲ್ಲಿ ಆರು ನಿಮಿಷದ ಮೇಲೆ ಸ್ವಲ್ಪ. ಇಂದಿನ ಫೋನಿನಲ್ಲಿ ಒಂದು ಸಣ್ಣ ವಿಡಿಯೊಗೂ ಇದು ಸಾಲದು. ಆದರೂ ನ್ಯೂಯಾರ್ಕ್, ಡೆಟ್ರಾಯ್ಟ್‌ನ ಹಿಪ್‌ಹಾಪ್ ಇವುಗಳ ಮೇಲೇ ನಿಂತಿತು. ಡೆಟ್ರಾಯ್ಟಿನ ಬೀಟ್ ನಿರ್ಮಾಪಕ ಜೆ ಡಿಲ್ಲಾ ಬಳಸಿದ ಎಂಪಿಸಿ-3000 ಈಗ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿದೆ.

ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವವರೇ ಹೆಚ್ಚು. ರ‍್ಯಾಮ್ ಬೇರೆ, ಶೇಖರಣೆ ಬೇರೆ. ಬೀಟ್ ನುಡಿಯುವಾಗ ದನಿ ಇರುವುದು ರ‍್ಯಾಮ್‌ನಲ್ಲಿ; ಯಂತ್ರ ಆರಿದ ಮೇಲೆ ಕೆಲಸ ಉಳಿಯುವುದು ಫ್ಲಾಪಿಯಲ್ಲಿ, ಜಿಪ್ ಡಿಸ್ಕಿನಲ್ಲಿ, ಈಗ ಕಾರ್ಡಿನಲ್ಲಿ. 32 ಜಿಬಿ ಕಾರ್ಡ್ ಹಾಕಿದರೂ ಎಂಪಿಸಿ-2000 ಒಂದು ಸಲಕ್ಕೆ 32 ಎಂಬಿಗಿಂತ ಹೆಚ್ಚು ನುಡಿಸುವುದಿಲ್ಲ. ಫ್ಲಾಪಿ ತೆಗೆದರೆ ಆ ಕಾಲದ ದನಿ ಹೋಗುತ್ತದೆ ಎನ್ನುವವರ ಆತಂಕಕ್ಕೂ ಇದೇ ಉತ್ತರ. ದನಿಯ ಗುಣ ಇರುವುದು ಯಂತ್ರದ ಪರಿವರ್ತಕಗಳಲ್ಲಿ, ಫಿಲ್ಟರ್‌ಗಳಲ್ಲಿ, ಸ್ಥಾಯಿ ಬದಲಿಸುವ ಲೆಕ್ಕದಲ್ಲಿ. ಫ್ಲಾಪಿಯಿಂದ ಬಂದ ಅಂಕಿಗಳೂ ಕಾರ್ಡಿನಿಂದ ಬಂದ ಅಂಕಿಗಳೂ ಒಂದೇ. ಎಸ್‌ಪಿ-1200 ರೂಪಿಸಿದ ಡೇವ್ ರಾಸಮ್ ಅವರೇ 2021ರಲ್ಲಿ ಅದನ್ನು ಮತ್ತೆ ತಯಾರಿಸಲು ಹೊರಟಾಗ 12 ಬಿಟ್ ಉಳಿಸಿಕೊಂಡು ಫ್ಲಾಪಿಯ ಜಾಗಕ್ಕೆ ಎಸ್‌ಡಿ ಕಾರ್ಡ್ ತಂದರು. ಮಾಡಿದವರೇ ಹಾಗೆ ತೀರ್ಮಾನಿಸಿದ ಮೇಲೆ ಆ ವಾದ ಬೆಳೆಸುವುದರಲ್ಲಿ ಅರ್ಥವಿಲ್ಲ. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರಾಟ ನಿಲ್ಲಿಸಿತು. ಈಗ ಹೊಸದೆಂದು ಸಿಗುವುದೆಲ್ಲ ಹಳೆಯ ದಾಸ್ತಾನು.

ಹಾಗಾದರೆ ಯಾವುದನ್ನು ಹಾಕಬೇಕು? ಹೆಚ್ಚಿನವರು ಹಾಕಿಸುವುದು ಗೋಟೆಕ್. ಅಳತೆಯಲ್ಲಿ ಫ್ಲಾಪಿ ಡ್ರೈವ್‌ನಷ್ಟೇ ಇರುವ ಪೆಟ್ಟಿಗೆ, ಮುಂದೆ ಪೆನ್‌ಡ್ರೈವ್ ಚುಚ್ಚುವ ತೂತು, ಎರಡು ಗುಂಡಿ, ಮೂರಂಕಿಯ ಕಿಟಕಿ. ಕೆಲವೇ ಸಾವಿರದಲ್ಲಿ ಕೆಲಸ ಆಗುತ್ತದೆ. ಕೀರ್ ಫ್ರೇಸರ್ ಬರೆದು ಉಚಿತವಾಗಿ ಕೊಟ್ಟಿರುವ ಫ್ಲ್ಯಾಶ್‌ಫ್ಲಾಪಿ ಎಂಬ ತಂತ್ರಾಂಶ ಅದರೊಳಗೆ ಹಾಕಿಕೊಂಡು ಸಣ್ಣ ಓಎಲ್‌ಇಡಿ ಪರದೆ ಜೋಡಿಸಿದರೆ, 047 ಎಂಬ ಅಂಕಿಯ ಬದಲು ‘ತಮಟೆ’ ಎಂದು ನೀವಿಟ್ಟ ಹೆಸರು, ಇಂಗ್ಲಿಷ್ ಅಕ್ಷರದಲ್ಲಾದರೂ, ಕಾಣುತ್ತದೆ. ಜೋಡಣೆಯೂ ಕಷ್ಟವಲ್ಲ. 34 ಎಳೆಯ ಚಪ್ಪಟೆ ಕೇಬಲ್‌ನ ಒಂದು ಅಂಚಿಗೆ ಕೆಂಪು ಗೆರೆ ಇರುತ್ತದೆ, ಅದು ಒಂದನೇ ಪಿನ್ನಿನ ಗುರುತು. ತಿರುಗಿಸಿ ಚುಚ್ಚಿದರೆ ಪೆಟ್ಟಿಗೆಯ ದೀಪ ಉರಿಯುತ್ತಲೇ ಇರುತ್ತದೆ, ಏನೂ ಓದುವುದಿಲ್ಲ. ಹಿಂಬದಿಯ ಜಂಪರ್ ಯಾವ ಯಂತ್ರಕ್ಕೆ ಎಲ್ಲಿರಬೇಕು ಎಂಬುದು ಬೇರೆಬೇರೆ. ಅಕಾಯ್ ಎಸ್-950 ಯಂತ್ರಕ್ಕಂತೂ ತಂತ್ರಾಂಶದಲ್ಲೇ ಪ್ರತ್ಯೇಕ ಹೊಂದಿಕೆ ಬೇಕು. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆಯಬೇಕು, ಪವರ್ ಸಪ್ಲೈ ಕಡೆ ಕೈ ಹೋಗಬಾರದು. ಇಷ್ಟು ಎಚ್ಚರ ಇದ್ದವರು ಮನೆಯಲ್ಲೇ ಮಾಡಿಕೊಳ್ಳಬಹುದು.

ಆದರೆ ಗೋಟೆಕ್ ಮಾರುವವರು ಹೇಳದ ಒಂದು ಮಾತಿದೆ. ಅದು ಫ್ಲಾಪಿಯ ವೇಷ ಹಾಕಿದ ಪೆಟ್ಟಿಗೆ, ವೇಗವೂ ಫ್ಲಾಪಿಯದ್ದೇ. ಯಂತ್ರ ಕೇಳುವುದೇ ಆ ಗತಿಯಲ್ಲಿ, ಹಾಗಾಗಿ ಕೊಡುವುದೂ ಆ ಗತಿಯಲ್ಲೇ. ಡಿಸ್ಕ್ ಓದದೆ ಕೈಕೊಡುವ ಭಯ ಹೋಗುತ್ತದೆ, ಡಬ್ಬಿ ಹುಡುಕುವ ಗಡಿಬಿಡಿ ಹೋಗುತ್ತದೆ. ಜನರೇಟರ್ ಶುರುವಾದ ಮೇಲೆ ಕಾಯುವ ನಿಮಿಷಗಳು ಮಾತ್ರ ಹಾಗೇ ಉಳಿಯುತ್ತವೆ. ಬದಲಿಸಬೇಕಾದ ಹನ್ನೆರಡು ಫ್ಲಾಪಿಯ ಜಾಗದಲ್ಲಿ ಹನ್ನೆರಡು ಸಲ ಗುಂಡಿ ಒತ್ತಬೇಕು, ಅಷ್ಟೆ. ವೇದಿಕೆಯ ಕಷ್ಟಕ್ಕೆ ನಿಜವಾದ ಪರಿಹಾರ ಸ್ಕಸಿ, ಅಂದರೆ ಹಾರ್ಡ್‌ಡಿಸ್ಕ್ ಜೋಡಿಸುವ ಹಳೆಯ ದಾರಿ. ಎಂಪಿಸಿ-2000ಕ್ಕೆ ಸ್ಕಸಿ ಜೊತೆಯಲ್ಲೇ ಬರುತ್ತದೆ, ಟ್ರೈಟನ್‌ಗೆ ಪ್ರತ್ಯೇಕ ಬೋರ್ಡ್ ಬೇಕು. ಸ್ಕಸಿಟುಎಸ್‌ಡಿ, ಬ್ಲೂಸ್ಕಸಿ, ಜುಲುಸ್ಕಸಿ ಎಂಬ ಪುಟ್ಟ ಬೋರ್ಡ್‌ಗಳು ಎಸ್‌ಡಿ ಕಾರ್ಡನ್ನು ಹಳೆಯ ಹಾರ್ಡ್‌ಡಿಸ್ಕ್ ಎಂದು ಯಂತ್ರಕ್ಕೆ ನಂಬಿಸುತ್ತವೆ. ಒಂದು ಬೀಟಿಗೆ ಬೇಕಾದ ಎಲ್ಲ ದನಿ ಒಂದೇ ಆಜ್ಞೆಗೆ ಒಳಗೆ ಬರುತ್ತದೆ. ಸಾಲಿನ ಎರಡು ತುದಿಗೂ ಟರ್ಮಿನೇಶನ್ ಸರಿ ಇರಬೇಕು, ಎರಡು ಸಾಧನಕ್ಕೆ ಒಂದೇ ಐಡಿ ಇರಬಾರದು. ಇವೆರಡನ್ನು ಸರಿಮಾಡದೆ ಕಾರ್ಡಿಗೆ ಬೈಯುವವರು ಬಹಳ. ಖರ್ಚು ಹೆಚ್ಚು, ತಲೆನೋವೂ ಹೆಚ್ಚು. ಆದರೂ ರಸಮಂಜರಿಗೆ ದುಡಿಯುವ ಯಂತ್ರವಾದರೆ ನನ್ನ ಮತ ಸ್ಕಸಿಗೆ; ಮನೆಯ ಮೂಲೆಯಲ್ಲಿ ಬೀಟ್ ಕಟ್ಟುವ ಯಂತ್ರಕ್ಕೆ ಗೋಟೆಕ್ ಸಾಕು.

ಇಷ್ಟರ ಮಟ್ಟಿಗೆ ಈ ರೂಢಿ ಒಳ್ಳೆಯದೇ. ನನಗೆ ಬೇಸರ ತರಿಸುವುದು ಕಾರ್ಡಿನೊಳಗೆ ತುಂಬುವುದನ್ನು ನೋಡಿದಾಗ. ಜಾಗ ಬಂತೆಂದು ಎಲ್ಲಿಂದಲೋ ಇಳಿಸಿದ ಸಾವಿರಗಟ್ಟಲೆ ಡ್ರಮ್ ಪ್ಯಾಕ್‌ಗಳು ಒಳಗೆ ಬಂದು ಕೂರುತ್ತವೆ. ಸಂಜೆ ಯಂತ್ರದ ಮುಂದೆ ಕೂತವರು ಬೀಟ್ ಕಟ್ಟುವುದಿಲ್ಲ, ಪಟ್ಟಿ ಓದುತ್ತಾರೆ. ಎರಡು ಸಾಲಿನ ಪುಟ್ಟ ಪರದೆಯಲ್ಲಿ ಒಂದೊಂದೇ ಹೆಸರು ಸರಿಸುತ್ತ, ಕೇಳುತ್ತ, ಬಿಡುತ್ತ ರಾತ್ರಿ ಕಳೆಯುತ್ತದೆ. 10 ಸೆಕೆಂಡಿನ ಕಾಲದಲ್ಲಿ ಹೀಗೆ ಮಾಡುವುದು ಸಾಧ್ಯವೇ ಇರಲಿಲ್ಲ. ಎಸ್‌ಪಿ-1200 ನುಡಿಸುವವರು 33ರ ವೇಗದ ರೆಕಾರ್ಡನ್ನು 45ರಲ್ಲಿ ತಿರುಗಿಸಿ ದನಿ ಹಿಡಿದು, ಆಮೇಲೆ ಯಂತ್ರದಲ್ಲಿ ಕೆಳಸ್ಥಾಯಿಗೆ ಇಳಿಸುತ್ತಿದ್ದರು. ಜಾಗ ಉಳಿಸುವ ಉಪಾಯ ಅದು. ಇಳಿಸುವಾಗ ಸೇರಿಕೊಳ್ಳುವ ಮರಳಿನಂಥ ಕರಕರ ಸದ್ದೇ ಮುಂದೆ ಆ ಸಂಗೀತದ ಗುರುತಾಯಿತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಕಿವಿ ತೀರ್ಮಾನಿಸಲೇಬೇಕಿತ್ತು. ಆ ತೀರ್ಮಾನವೇ ಕಲೆ. ರ‍್ಯಾಮ್ ಇನ್ನೂ ಆ ಮಿತಿಯನ್ನು ಕಾಯುತ್ತಿದೆ. ತುಂಬಿ ತುಳುಕುವ ಕಾರ್ಡ್ ಅದನ್ನು ಸದ್ದಿಲ್ಲದೆ ಹಾಳುಮಾಡುತ್ತದೆ.

ಮೈಸೂರಿನಲ್ಲಿ ಕುಳಿತು ಬೀಟ್ ಕಟ್ಟುವವರಿಗೆ ಅಂಥ ಪ್ಯಾಕ್‌ಗಳ ಅಗತ್ಯವಾದರೂ ಏನು? ಕಂಸಾಳೆಯನ್ನೇ ತೆಗೆದುಕೊಳ್ಳಿ. ಎಡಗೈಯ ಬಟ್ಟಲಿಗೆ ಬಲಗೈಯ ತಾಳ ಬಡಿದಾಗ ಮೊದಲು ಒಂದು ಗಡುಸು ಪೆಟ್ಟು, ಅದರ ಹಿಂದೆ ಕಂಚಿನ ಉದ್ದನೆಯ ಝೇಂಕಾರ. 16 ಬಿಟ್ ಯಂತ್ರದಲ್ಲಿ ಆ ಝೇಂಕಾರ ಕೊನೆಯವರೆಗೆ ನಯವಾಗಿ ಇಳಿಯುತ್ತದೆ. 26 ಕಿಲೋಹರ್ಟ್ಸ್‌ನ ಎಸ್‌ಪಿ-1200ರಲ್ಲಿ 13 ಕಿಲೋಹರ್ಟ್ಸ್ ಮೇಲಿನದ್ದೆಲ್ಲ ಕತ್ತರಿಸಿಹೋಗಿ ತಾಳದ ಹೊಳಪು ಮಂಕಾಗುತ್ತದೆ. ಬಾಲ ಸಣ್ಣಗಾದಂತೆ 12 ಬಿಟ್‌ನ ಸದ್ದು ಮೇಲೆದ್ದು ಝೇಂಕಾರ ಪುಡಿಪುಡಿಯಾಗುತ್ತದೆ. ತಮಟೆಯ ಹೊಡೆತಕ್ಕೆ ಈ ಒರಟುತನ ಒಪ್ಪುತ್ತದೆ, ಚರ್ಮ ಇನ್ನಷ್ಟು ಬಿಗಿದಂತೆ ಕೇಳುತ್ತದೆ. ಕಂಸಾಳೆಗೆ ಒಪ್ಪುವುದಿಲ್ಲ ಎಂದು ನನ್ನ ಕಿವಿ ಹೇಳುತ್ತದೆ. ಇಂಥ ಭೇದ ತಿಳಿಯುವುದು ಒಂದೇ ದನಿಯ ಜೊತೆ ಗಂಟೆಗಟ್ಟಲೆ ಕೂತವರಿಗೆ. ಕಂಸಾಳೆ ನುಡಿಸುವ ದೇವರ ಗುಡ್ಡರ ಹತ್ತಿರ ಹೋಗಿ, ಕೇಳಿ, ಸಂಭಾವನೆ ಕೊಟ್ಟು, ಹೆಸರು ಹಾಕುವುದಾಗಿ ಹೇಳಿ ಹಿಡಿದು ತಂದ ಇಪ್ಪತ್ತು ಪೆಟ್ಟು ಒಂದು ಫ್ಲಾಪಿ ಜಾಗದಲ್ಲೇ ಹಿಡಿಸುತ್ತವೆ.

ರೆಕಾರ್ಡಿನಿಂದ ಹಿಡಿಯುವವರಿಗೂ ಈ ಊರು ಕಡಿಮೆ ಕೊಟ್ಟಿಲ್ಲ. ರಾಜನ್-ನಾಗೇಂದ್ರ ಸೋದರರು ಮೈಸೂರಿನ ಶಿವರಾಂಪೇಟೆಯವರು. ‘ಎರಡು ಕನಸು’, ‘ಬಯಲುದಾರಿ’, ‘ನಾ ನಿನ್ನ ಮರೆಯಲಾರೆ’ ಚಿತ್ರಗಳ ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಅವರು ತುಂಬಿದ ಪಿಟೀಲು, ಕೊಳಲಿನ ತುಣುಕುಗಳು ಸ್ಯಾಂಪ್ಲರ್‌ಗೆಂದೇ ಅಳತೆ ಮಾಡಿದಂತಿವೆ. ಅಮೆರಿಕದ ಮ್ಯಾಡ್‌ಲಿಬ್ 2007ರಲ್ಲಿ ಭಾರತದ ಹಳೆಯ ಚಿತ್ರಸಂಗೀತದ ತುಣುಕುಗಳಿಂದ ಇಡೀ ಆಲ್ಬಂ ಕಟ್ಟಿದರು. ಕನ್ನಡದ ಈ ಗಣಿಯನ್ನು ಅಷ್ಟು ಶ್ರದ್ಧೆಯಿಂದ ಅಗೆಯುವ ಕೆಲಸ ನಮ್ಮವರಿಂದಲೇ ಆಗಬೇಕು. ಆದರೆ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1974ರ ‘ಎರಡು ಕನಸು’ ರೆಕಾರ್ಡಿನ ಹಕ್ಕು 2034ರ ಕೊನೆಯವರೆಗೆ ಇರುತ್ತದೆ, ರಾಗಸಂಯೋಜನೆಯ ಹಕ್ಕು ಅದಕ್ಕೂ ಬಹಳ ಮುಂದೆ ಹೋಗುತ್ತದೆ. ಮನೆಯಲ್ಲಿ ಕಲಿಯುವುದಕ್ಕೆ ಹಿಡಿಯುವುದು ಬೇರೆ, ಬಿಡುಗಡೆ ಮಾಡುವುದು ಬೇರೆ.

ಇನ್ನು ಈ ರೂಢಿಯ ದೊಡ್ಡ ಲೋಪ. ಹೊಸ ಪೆಟ್ಟಿಗೆ ಕೂರಿಸುವ ಉತ್ಸಾಹದಲ್ಲಿ ಹಳೆಯ ಡ್ರೈವ್ ಗುಜರಿಗೆ ಹೋಗುತ್ತದೆ, ಅದರ ಹಿಂದೆಯೇ ಫ್ಲಾಪಿ ಡಬ್ಬಿಯೂ ಹೋಗುತ್ತದೆ. ಆ ಡಬ್ಬಿಯಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ರಸಮಂಜರಿ ಕಲಾವಿದರು ಸಿನಿಮಾ ಹಾಡಿನ ತುಣುಕುಗಳನ್ನು ಕಿವಿಯಿಂದಲೇ ಕೇಳಿ ಕೇಳಿ ಕೂಡಿಸಿಟ್ಟ ರಿದಂಗಳು, ತಾವೇ ಹಿಡಿದ ಡೊಳ್ಳು, ನಾದಸ್ವರದ ದನಿಗಳು ಅಲ್ಲಿರುತ್ತವೆ. ಎಷ್ಟೋ ಸಲ ಅವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇರುವುದಿಲ್ಲ. ಇದೇ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಓಲೆಗರಿಗಳನ್ನು ಕಾಪಾಡಿಕೊಂಡು ಬಂದಿದೆ, ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ‘ಅರ್ಥಶಾಸ್ತ್ರ’ವನ್ನು ಅಚ್ಚಿಗೆ ತಂದದ್ದು ಅಲ್ಲಿನ ಓಲೆಯಿಂದ. ಓಲೆಯನ್ನು ಲಿಪಿ ಬಲ್ಲವರು ಬರಿಗಣ್ಣಿನಿಂದ ಓದಬಹುದು. ಫ್ಲಾಪಿಗೆ ಆ ಭಾಗ್ಯವಿಲ್ಲ. ಎಂಪಿಸಿ-2000 ಬರೆದದ್ದನ್ನು ಕಂಪ್ಯೂಟರ್ ಗುರುತಿಸುತ್ತದೆ. ಇ-ಮ್ಯೂ, ಎನ್ಸಾನಿಕ್ ಯಂತ್ರಗಳದ್ದು ಅವುಗಳದೇ ಕಟ್ಟು, ವಿಂಡೋಸ್ ಅದನ್ನು ಖಾಲಿ ಡಿಸ್ಕ್ ಎಂದು ತಿಳಿದು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಹೌದು ಎಂದರೆ ಕೆಲಸ ಕೆಟ್ಟಿತು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಫ್ಲಾಪಿಯ ಲೋಹದ ಬಾಗಿಲು ಸರಿಸಿ ಒಳಗಿನ ಕಪ್ಪು ತಟ್ಟೆಯ ಮೇಲೆ ಬೂಷ್ಟು ಇದೆಯೇ ನೋಡಿ; ಇದ್ದರೆ ಡ್ರೈವಿಗೆ ಹಾಕಬೇಡಿ, ಹೆಡ್ ಕೊಳೆಯಾಗಿ ಮುಂದಿನ ಡಿಸ್ಕುಗಳೂ ಹಾಳಾಗುತ್ತವೆ. ಚೆನ್ನಾಗಿರುವುದನ್ನು ಹಳೆಯ ಡ್ರೈವ್ ಬದುಕಿರುವಾಗಲೇ ನಕಲು ಮಾಡಿ. ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡ್ ಮಾಮೂಲಿ ಡ್ರೈವನ್ನು ಯುಎಸ್‌ಬಿಗೆ ಜೋಡಿಸಿ, ಯಾವ ಕಟ್ಟಿನ ಫ್ಲಾಪಿಯಾದರೂ ಅಯಸ್ಕಾಂತದ ಗುರುತುಗಳ ಸಮೇತ ಎತ್ತಿಕೊಡುತ್ತದೆ. ಅದನ್ನು ಕೊಟ್ಟವರೂ ಫ್ಲ್ಯಾಶ್‌ಫ್ಲಾಪಿ ಬರೆದ ಫ್ರೇಸರ್ ಅವರೇ. ಎರಡು ಕಡೆ ಪ್ರತಿ ಇಟ್ಟುಕೊಳ್ಳಿ. ಕಾರ್ಡ್ ಕೂಡ ಚಿರಂಜೀವಿಯಲ್ಲ. ಬಾಸ್ ಎಸ್‌ಪಿ-303 ಬಳಸುತ್ತಿದ್ದ ಸ್ಮಾರ್ಟ್‌ಮೀಡಿಯಾ ಕಾರ್ಡ್ ಈಗ ಫ್ಲಾಪಿಗಿಂತಲೂ ದುರ್ಲಭ. ಇಷ್ಟೆಲ್ಲ ಆದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.

ಮೈಸೂರಿನ ಆರ್ಕೆಸ್ಟ್ರಾ ಕಲಾವಿದರಲ್ಲಿ, ಅವರ ಮನೆಯವರಲ್ಲಿ ನನ್ನದೊಂದು ವಿನಂತಿ: ಅಟ್ಟದ ಮೇಲಿನ ಫ್ಲಾಪಿ ಡಬ್ಬಿಯನ್ನು ಈ ಸಲ ಆಯುಧಪೂಜೆಗೆ ಮನೆ ಸಾರಿಸುವಾಗ ಗುಜರಿಯವರಿಗೆ ಕೊಡಬೇಡಿ. ಬೀಟ್ ಕಟ್ಟುವ ಹುಡುಗರು ಯಾರಾದರೂ ಪರಿಚಯವಿದ್ದರೆ ಮನೆಗೆ ಕರೆದು ತೋರಿಸಿ.