ನಿರಪಾಯ ಸಿಹಿಯ ಹುಡುಕಾಟ: ತೂಕ ಇಳಿಸುವವರ ಎಲೆಯಲ್ಲಿ ಮೈಸೂರು ಪಾಕ್

ತೂಕ ಇಳಿಸಲು ಹೊರಟವರು ಸಿಹಿತಿಂಡಿಯನ್ನು ಪೂರ್ತಿಯಾಗಿ ತ್ಯಜಿಸಬೇಕು ಎಂಬ ಹಳೆಯ ಉಪದೇಶಕ್ಕೆ ಎದುರಾಗಿ, ಸಿಹಿಯನ್ನು ಬಿಡದೆ ಅದರೊಳಗಿನ ಸಾಮಗ್ರಿಯನ್ನಷ್ಟೇ ಬದಲಿಸಿದರೆ ಸಾಕು ಎನ್ನುವ ಇನ್ನೊಂದು ಪದ್ಧತಿ ಕರ್ನಾಟಕದ ನಗರಗಳಲ್ಲಿ ಈಚಿನ ವರ್ಷಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಸಕ್ಕರೆಯ ಬದಲು ಬೆಲ್ಲ ಹಾಕಿದ ಮಿಠಾಯಿ, ಖರ್ಜೂರ ಮತ್ತು ಒಣಹಣ್ಣುಗಳನ್ನು ಅರೆದು ಕಟ್ಟಿದ ಉಂಡೆ, ಕೃತಕ ಸಿಹಿಕಾರಕ ಬೆರೆಸಿದ ‘ಶುಗರ್ ಫ್ರೀ’ ಬರ್ಫಿ ಎಂಬ ಮೂರು ರೂಪಗಳಲ್ಲಿ ಈ ಪದ್ಧತಿ ಅಂಗಡಿಯ ಗಾಜಿನ ಕಪಾಟಿನಲ್ಲೂ ಮನೆಯ ಡಬ್ಬಿಯಲ್ಲೂ ಕಾಣಸಿಗುತ್ತದೆ. ತಿನ್ನುವವರಿಗೆ ಅದು ಎರಡು ಭರವಸೆಗಳನ್ನು ಕೊಡುತ್ತದೆ: ನಾಲಿಗೆಯ ಸುಖ ಕೆಡುವುದಿಲ್ಲ, ಮೈಯ ತೂಕ ಏರುವುದಿಲ್ಲ. ಈ ಎರಡರಲ್ಲಿ ಯಾವುದನ್ನು ಅದು ಎಷ್ಟು ಉಳಿಸಿಕೊಂಡಿದೆ ಎಂಬುದನ್ನು ತೂಗಿ ನೋಡಲು ಮೈಸೂರು ಪಾಕಿನಷ್ಟು ಒಳ್ಳೆಯ ಮಾದರಿ ಬೇರೊಂದಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಇದನ್ನು ಮೊದಲು ತಯಾರಿಸಿದನೆಂಬುದು ಪ್ರಚಲಿತವಾದ ಕಥನ. ತಿನಿಸಿನ ರಚನೆಯಂತೂ ಸರಳವಾದುದು: ಕಡಲೆಹಿಟ್ಟು, ಸಕ್ಕರೆ, ತುಪ್ಪ, ಇಷ್ಟೇ. ಮನೆಗಳಲ್ಲಿ ಅಳತೆ ಬೇರೆಬೇರೆಯಾದರೂ, ತೂಕದ ಲೆಕ್ಕದಲ್ಲಿ ಒಂದು ಪಾಲು ಹಿಟ್ಟಿಗೆ ಎರಡು ಪಾಲು ಸಕ್ಕರೆ, ಎರಡು ಪಾಲು ತುಪ್ಪ ಎಂದು ಹಿಡಿದು, ಆಹಾರದ ಶಕ್ತಿಯನ್ನು ಅಳೆಯುವ ಮಾನವಾದ ಕ್ಯಾಲೊರಿಯಲ್ಲಿ ಎಣಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ನೂರು ಗ್ರಾಂ ಹಿಟ್ಟಿನಿಂದ ಸುಮಾರು 380, ಇನ್ನೂರು ಗ್ರಾಂ ಸಕ್ಕರೆಯಿಂದ 800, ಇನ್ನೂರು ಗ್ರಾಂ ತುಪ್ಪದಿಂದ 1800 ಕ್ಯಾಲೊರಿ ಬಂದು, ಒಟ್ಟು ಮೊತ್ತ 3000ಕ್ಕೆ ಹತ್ತಿರವಾಗುತ್ತದೆ. ನಲವತ್ತು ಗ್ರಾಂ ತೂಗುವ ಒಂದು ತುಂಡಿಗೆ ಸುಮಾರು 240 ಕ್ಯಾಲೊರಿ. ಎಪ್ಪತ್ತು ಕಿಲೊ ತೂಕದವರು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ವ್ಯಯವಾಗುವ ಶಕ್ತಿಗೆ ಇದು ಸರಿಸಮ. ಈ ಲೆಕ್ಕದಲ್ಲಿ ಸಕ್ಕರೆಯ ಪಾಲು ಕಾಲು ಭಾಗಕ್ಕಿಂತ ತುಸುವೇ ಹೆಚ್ಚು, ತುಪ್ಪದ್ದು ನೂರಕ್ಕೆ ಅರವತ್ತು. ಹೀಗಿರುವಾಗ ತಕರಾರೆಲ್ಲ ಸಕ್ಕರೆಯ ಮೇಲೆಯೇ ಏಕೆ ಎಂಬ ಪ್ರಶ್ನೆಯನ್ನು ಈ ಪದ್ಧತಿಯ ಪ್ರತಿಪಾದಕರು ಕೇಳಿಕೊಂಡಂತೆ ಕಾಣುವುದಿಲ್ಲ.

ಮೇಲಾಗಿ, ಮೈಸೂರು ಪಾಕಿನಲ್ಲಿ ಸಕ್ಕರೆಯ ಕೆಲಸ ಸಿಹಿ ಕೊಡುವುದಷ್ಟೇ ಅಲ್ಲ. ಎಳೆಪಾಕಕ್ಕೆ ಬಂದ ಸಕ್ಕರೆಗೆ ಹಿಟ್ಟು ಸೇರಿಸಿ, ಕುದಿಯುವ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯುತ್ತ ಹೋದಾಗ ಹಿಟ್ಟು ನೊರೆಯುಕ್ಕಿ, ಒಳಗೆ ಸಣ್ಣ ಸಣ್ಣ ಗೂಡುಗಳೆದ್ದು, ಆರುವಾಗ ಪಾಕ ಗಟ್ಟಿಯಾಗಿ ಆ ಗೂಡುಗಳನ್ನು ಹಿಡಿದಿಡುತ್ತದೆ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸನ್ನು ಚಿಟಿಕೆಯಷ್ಟು ಹಾಕಿದರೆ ಸಿಹಿ ಬಂದೀತು, ಪಾಕ ಬರಲಾರದು. ಆದ್ದರಿಂದ ಸಕ್ಕರೆರಹಿತ ಮಿಠಾಯಿಗಳಲ್ಲಿ ಪ್ರಮಾಣ ತುಂಬಿಸಲು ಮಾಲ್ಟಿಟಾಲಿನಂಥ ಪಾಲಿಯಾಲುಗಳನ್ನು, ಅಂದರೆ ಸಕ್ಕರೆಯ ರಚನೆಯನ್ನೇ ರಾಸಾಯನಿಕವಾಗಿ ಮಾರ್ಪಡಿಸಿ ಪಡೆದು ಕರುಳು ಅರೆಬರೆಯಾಗಿ ಮಾತ್ರ ಹೀರಿಕೊಳ್ಳುವ ಪದಾರ್ಥಗಳನ್ನು ಬಳಸುವುದುಂಟು. ಮಾಲ್ಟಿಟಾಲಿನ ಶಕ್ತಿ ಸಕ್ಕರೆಯ ಅರ್ಧದಷ್ಟಿರುವುದರಿಂದ, ಮೇಲಿನ ಲೆಕ್ಕದಲ್ಲಿ ಸಕ್ಕರೆಯನ್ನು ತೆಗೆದು ಅದನ್ನು ಹಾಕಿದರೆ 240 ಕ್ಯಾಲೊರಿಯ ತುಂಡು 210ಕ್ಕೆ ಇಳಿಯುತ್ತದೆ. ಮೂವತ್ತು ಕ್ಯಾಲೊರಿಯ ಉಳಿತಾಯಕ್ಕಾಗಿ ಗೂಡುಕಟ್ಟಿದ ಗರಿಗರಿಯನ್ನು ಕಳೆದುಕೊಳ್ಳುವುದು, ಜೊತೆಗೆ ಎರಡು ತುಂಡು ಹೆಚ್ಚು ತಿಂದರೆ ಹೊಟ್ಟೆಯುಬ್ಬರವನ್ನೂ ಪಡೆಯುವುದು ಲಾಭದ ವ್ಯಾಪಾರವಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ‘ಶುಗರ್ ಫ್ರೀ’ ಎಂಬ ಘೋಷಣೆಗೆ ನೂರು ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇರಕೂಡದು ಎಂಬುದೇ ಮಾನದಂಡವಾಗಿದ್ದು, ತುಪ್ಪದ ಬಗ್ಗೆ ಆ ಘೋಷಣೆ ಏನನ್ನೂ ಹೇಳುವುದಿಲ್ಲ.

ಬೆಲ್ಲದ ವಾದವನ್ನು ಬೇಗ ಮುಗಿಸಬಹುದು. ಮಂಡ್ಯದ ಆಲೆಮನೆಯ ಬೆಲ್ಲಕ್ಕೆ ಸಕ್ಕರೆಗಿಲ್ಲದ ಪರಿಮಳವಿದೆ, ಕಾಯಿಹೋಳಿಗೆಗೆ ಸಕ್ಕರೆ ಹಾಕುವುದು ಅಪಚಾರವೆಂದರೂ ತಪ್ಪಲ್ಲ. ಆದರೆ ಅದು ರುಚಿಯ ಕಾರಣವೇ ಹೊರತು ತೂಕದ ಕಾರಣವಲ್ಲ. ಎರಡರಲ್ಲೂ ಬಹುಭಾಗ ಇರುವುದು ಸುಕ್ರೋಸ್ ಎಂಬ ಒಂದೇ ಸಕ್ಕರೆಯಾಗಿದ್ದು, ಹತ್ತು ಗ್ರಾಂ ಸಕ್ಕರೆಯ ಜಾಗದಲ್ಲಿ ಹತ್ತು ಗ್ರಾಂ ಬೆಲ್ಲ ಹಾಕಿದರೆ ಉಳಿಯುವುದು ಎರಡು ಮೂರು ಕ್ಯಾಲೊರಿ. ಬೆಲ್ಲದಲ್ಲಿರುವ ಕಬ್ಬಿಣಾಂಶವೂ ನೂರು ಗ್ರಾಂಗೆ ಕೆಲವೇ ಮಿಲಿಗ್ರಾಂ ಆದುದರಿಂದ, ಅದನ್ನು ಔಷಧಿಯ ಲೆಕ್ಕದಲ್ಲಿ ತಿನ್ನಹೊರಟವರು ಕಬ್ಬಿಣಕ್ಕಿಂತ ಮೊದಲು ಕೊಬ್ಬನ್ನು ಗಳಿಸುತ್ತಾರೆ. ಖರ್ಜೂರದ ಉಂಡೆಯ ಸ್ಥಿತಿ ಇದಕ್ಕಿಂತ ತುಸು ಮೇಲು: ಅದರಲ್ಲಿ ನಾರು ಇದೆ, ಬಾದಾಮಿ ಗೋಡಂಬಿಗಳ ಪ್ರೋಟೀನು ಇದೆ, ಬೇಗ ಹಸಿವಾಗದು. ಆದರೂ ಖರ್ಜೂರದ ತೂಕದಲ್ಲಿ ಮೂರನೆಯ ಎರಡು ಪಾಲು ಸಕ್ಕರೆಯೇ ಆಗಿದ್ದು, ಬಾದಾಮಿಯ ಶಕ್ತಿ ನೂರು ಗ್ರಾಂಗೆ 600 ಕ್ಯಾಲೊರಿಯ ಆಸುಪಾಸಿನಲ್ಲಿರುವುದರಿಂದ, ಅರ್ಧಕ್ಕರ್ಧ ಸೇರಿಸಿ ಕಟ್ಟಿದ ಉಂಡೆ ಹಿತಮಿತವಾಗಿ ತುಪ್ಪ ಹಾಕಿದ ರವೆಯುಂಡೆಗಿಂತ ಹಗುರವೇನಲ್ಲ. ಗೋಕಾಕ ಮತ್ತು ಅಮೀನಗಡದ ಕರದಂಟನ್ನು ಬಾಣಂತಿಯರಿಗೂ ಪೈಲ್ವಾನರಿಗೂ ಪುಷ್ಟಿಗೆಂದು ಕೊಡುತ್ತ ಬಂದ ಜನ ಅಂಟು, ಬೆಲ್ಲ, ಒಣಹಣ್ಣುಗಳ ಈ ಕೂಟದಿಂದ ಮೈ ತುಂಬುತ್ತದೆ ಎಂಬುದನ್ನು ಬಲ್ಲವರಾಗಿದ್ದರು. ಅದೇ ಕೂಟ ಇಂದು ತೂಕ ಇಳಿಸುವವರ ತಿನಿಸೆಂದು ಮಾರಾಟವಾಗುವುದು ವಿಚಿತ್ರ.

ಕೃತಕ ಸಿಹಿಕಾರಕಗಳ ಪ್ರಶ್ನೆ ಇಷ್ಟು ಸುಲಭವಲ್ಲ. 1879ರಲ್ಲಿ ಸ್ಯಾಕರಿನ್ ದೊರೆತಂದಿನಿಂದ ಅವುಗಳ ಚರಿತ್ರೆ ಬಹುಮಟ್ಟಿಗೆ ಆಕಸ್ಮಿಕಗಳ ಚರಿತ್ರೆ. ಸುಕ್ರಲೋಸಿನ ಸಿಹಿ ಬಯಲಾದದ್ದೂ 1976ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ಸಂಶೋಧಕರು ಪರೀಕ್ಷಿಸಬೇಕಾದ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು ನೋಡಿದ್ದರಿಂದ. ಸಿಹಿ ಉಂಟು, ಶಕ್ತಿ ಇಲ್ಲ ಎಂಬ ಅವುಗಳ ಗುಣ ತರ್ಕಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ 2023ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ತೂಕ ನಿಯಂತ್ರಣದ ಸಾಧನವಾಗಿ ಇವುಗಳನ್ನು ಬಳಸುವುದು ಬೇಡವೆಂದು ಸಲಹೆ ನೀಡಿತು. ಅಲ್ಪಾವಧಿಯಲ್ಲಿ ಕೊಂಚ ಇಳಿಕೆ ಕಂಡರೂ ದೀರ್ಘಾವಧಿಯಲ್ಲಿ ಮೈಯ ಕೊಬ್ಬು ಕಡಿಮೆಯಾದದ್ದಕ್ಕೆ ಆಧಾರವಿಲ್ಲ ಎಂಬುದು ಅದರ ಕಾರಣ. ಈ ಸಲಹೆಯನ್ನು ಅತಿಯಾಗಿ ಹಿಗ್ಗಿಸಿ ಓದಬಾರದು. ಅದು ಷರತ್ತಿಗೊಳಪಟ್ಟ ಸಲಹೆ, ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುವಂಥದಲ್ಲ, ಪಾಲಿಯಾಲುಗಳನ್ನು ಅದು ಒಳಗೊಂಡೂ ಇಲ್ಲ. ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡಬೇಕಾದವರ ಅಗತ್ಯ ಬೇರೆ, ಸೊಂಟದ ಸುತ್ತಳತೆ ತಗ್ಗಿಸಬೇಕಾದವರ ಅಗತ್ಯ ಬೇರೆ. ಮಿಠಾಯಿ ಅಂಗಡಿಯ ಒಂದೇ ಫಲಕ ಇಬ್ಬರನ್ನೂ ಕರೆಯುವುದರಲ್ಲಿಯೇ ಗೊಂದಲದ ಮೂಲವಿದೆ.

ಹಾಗೆಂದು ಪೂರ್ಣ ತ್ಯಾಗದ ಪಂಥಕ್ಕೆ ಜಯಪತ್ರ ಬರೆದುಕೊಡಲಾಗದು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಬಳಿಕ ರುಚಿ ನೋಡುವ ನೆಪದಲ್ಲಿ ಎಲ್ಲರ ಮುಂದೂ ಐಸ್‌ಕ್ರೀಮ್ ಇಡಲಾಯಿತು. ಊಟದ ಮೇಲೆ ಸದಾ ಕಡಿವಾಣ ಹಾಕಿಕೊಳ್ಳದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಕಡಿಮೆ ತಿಂದರೆ, ಪಥ್ಯದಲ್ಲಿದ್ದವರು ಅದನ್ನು ಕುಡಿದ ಮೇಲೆಯೇ ಹೆಚ್ಚು ತಿಂದರು. ವ್ರತ ಹೇಗೂ ಮುರಿಯಿತು, ಇನ್ನು ತಡೆಯುವುದೇಕೆ ಎಂಬ ಈ ಮನೋಧರ್ಮಕ್ಕೆ ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂಬ ಗಾದೆಗಿಂತ ಬಿಗಿಯಾದ ವ್ಯಾಖ್ಯಾನ ಸಿಗಲಾರದು. ನಿಷೇಧ ಎಷ್ಟು ಬಿಗಿಯಾದರೆ ಮುರಿದಾಗಿನ ಪ್ರವಾಹವೂ ಅಷ್ಟೇ ಬಿರುಸು.

ಈ ನಿಷೇಧಕ್ಕೆ ವಿರುದ್ಧ ದಿಕ್ಕಿನಲ್ಲಿ, ಸಿಹಿ ತಿಂದೇ ತೂಕ ಇಳಿಸಬಹುದು ಎಂದು ಸಾರಲು ಪದೇ ಪದೇ ಉಲ್ಲೇಖವಾಗುವುದು ಇಸ್ರೇಲಿನ ದಾನಿಯೆಲಾ ಯಾಕುಬೋವಿಚ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ. ಸ್ಥೂಲಕಾಯದ 193 ಮಂದಿಯನ್ನು ಎರಡು ಗುಂಪು ಮಾಡಿ, ದಿನದ ಒಟ್ಟು ಕ್ಯಾಲೊರಿಯನ್ನು ಸಮವಾಗಿಟ್ಟು, ಒಂದು ಗುಂಪಿಗೆ ಸುಮಾರು 300 ಕ್ಯಾಲೊರಿಯ ಸಣ್ಣ ಉಪಾಹಾರವನ್ನೂ ಇನ್ನೊಂದಕ್ಕೆ ಸಿಹಿತಿನಿಸೂ ಸೇರಿದ 600 ಕ್ಯಾಲೊರಿಯ ಉಪಾಹಾರವನ್ನೂ ಕೊಡಲಾಯಿತು. ಹದಿನಾರು ವಾರಗಳಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮನಾಗಿ ಇಳಿದರೂ, ಮುಂದಿನ ಹದಿನಾರು ವಾರಗಳಲ್ಲಿ ಮೊದಲ ಗುಂಪು ಕಳೆದುಕೊಂಡದ್ದರ ಬಹುಪಾಲನ್ನು ಮರಳಿ ಪಡೆಯಿತು, ಸಿಹಿ ತಿಂದವರು ಇನ್ನೂ ಸುಮಾರು ಏಳು ಕಿಲೊ ಇಳಿದರು. ಫಲಿತಾಂಶ ಆಕರ್ಷಕವಾಗಿದೆ, ಆದರೆ ಸಿಹಿ ತಿಂದವರ ಉಪಾಹಾರದಲ್ಲಿ ಪ್ರೋಟೀನೂ ಹೆಚ್ಚಿತ್ತು ಎಂಬ ಅಂಶವನ್ನು ಉಲ್ಲೇಖಿಸುವವರು ಮರೆಯುತ್ತಾರೆ. ಹಸಿವನ್ನು ತಣಿಸಿದ್ದು ಬೆಳಗಿನ ದೊಡ್ಡ ಊಟವೋ ಅದರ ಪ್ರೋಟೀನೋ ಜೊತೆಯ ಕೇಕಿನ ಚೂರೋ ಎಂದು ಬಿಡಿಸಿ ಹೇಳಲು ಆ ವಿನ್ಯಾಸದಿಂದ ಸಾಧ್ಯವಿಲ್ಲ. ಒಂದು ದಿನದ ಲೆಕ್ಕದೊಳಗೆ ಸಿಹಿಗೆ ಜಾಗ ಮಾಡಿಕೊಟ್ಟರೆ ತೂಕದ ಇಳಿಕೆ ನಿಲ್ಲುವುದಿಲ್ಲ ಎಂಬಷ್ಟನ್ನು ಅದರಿಂದ ಒಪ್ಪಬಹುದು, ಅದಕ್ಕಿಂತ ಹೆಚ್ಚನ್ನಲ್ಲ.

ಜಾಗ ಮಾಡಿಕೊಡುವುದು ಎಲ್ಲಿ ಎಂಬ ವಿಚಾರದಲ್ಲಿ ಕನ್ನಡ ಮನೆಗಳ ದಿನಚರಿಯೇ ಉತ್ತರ ಕೊಡುತ್ತದೆ. ಹಣ್ಣುಹಾಲುಗಳಲ್ಲಿ ಸಹಜವಾಗಿರುವುದನ್ನು ಬಿಟ್ಟು ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸ ಮೊದಲಾದವುಗಳ ಸಿಹಿ ದಿನದ ಶಕ್ತಿಯ ನೂರಕ್ಕೆ ಹತ್ತನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಲೇಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ. 2000 ಕ್ಯಾಲೊರಿಯ ಆಹಾರದಲ್ಲಿ ಐದು ಎಂದರೆ ಇಪ್ಪತ್ತೈದು ಗ್ರಾಂ. ಮೇಲಿನ ಅಳತೆಯ ಮೈಸೂರು ಪಾಕಿನ ತುಂಡಿನಲ್ಲಿ ಇರುವುದು ಹದಿನಾರು ಗ್ರಾಂ ಸಕ್ಕರೆ. ದಿನಕ್ಕೆ ಮೂರು ಲೋಟ ಕಾಫಿಗೆ ಎರಡೆರಡು ಚಮಚದಂತೆ ಸಕ್ಕರೆ ಹಾಕುವವರು ಮೂವತ್ತು ಗ್ರಾಂ, ತಿಂಗಳಿಗೆ 900 ಗ್ರಾಂ ಸಕ್ಕರೆಯನ್ನು ಸಿಹಿ ತಿಂದ ನೆನಪೂ ಇಲ್ಲದೆ ಮುಗಿಸುತ್ತಾರೆ. ಅದರ ಶಕ್ತಿ 3600 ಕ್ಯಾಲೊರಿ, ಅಂದರೆ ಹದಿನೈದು ತುಂಡು ಮೈಸೂರು ಪಾಕ್. ತೂಕ ಇಳಿಸುವವರು ಮೊದಲು ಕೈಬಿಡಬೇಕಾದದ್ದು ಈ ಗಮನಕ್ಕೆ ಬಾರದ ಸಿಹಿಯನ್ನು. ಹಬ್ಬದ ದಿನದ, ಕಾದು ತಿಂದ, ರುಚಿ ನೆನಪಿನಲ್ಲಿ ಉಳಿಯುವ ಸಿಹಿಯನ್ನಲ್ಲ. ಬದಲಿ ಸಾಮಗ್ರಿಯ ಪದ್ಧತಿ ಇದನ್ನು ತಲೆಕೆಳಗು ಮಾಡಿ, ಹಬ್ಬದ ಸಿಹಿಯ ರುಚಿಯನ್ನು ಕೆಡಿಸಿ, ದಿನನಿತ್ಯ ತಿನ್ನಲು ಪರವಾನಗಿ ಕೊಡುತ್ತದೆ. ಅದರ ನಿಜವಾದ ದೋಷವಿರುವುದು ಇಲ್ಲಿ.

ಹಳೆಯ ವ್ಯವಸ್ಥೆಯಲ್ಲಿ ಯುಗಾದಿಗೆ ಹೋಳಿಗೆ, ಚೌತಿಗೆ ಕಡುಬು, ದೀಪಾವಳಿಗೆ ಕಜ್ಜಾಯ ಎಂದು ಪಂಚಾಂಗವೇ ಸಿಹಿಯ ಸರದಿಯನ್ನು ಗೊತ್ತುಮಾಡುತ್ತಿತ್ತು. ಇದನ್ನು ಪೂರ್ವಿಕರ ಆರೋಗ್ಯಪ್ರಜ್ಞೆ ಎಂದು ಕೊಂಡಾಡುವವರು ಸಕ್ಕರೆ ತುಪ್ಪಗಳ ದುಬಾರಿತನವನ್ನೂ ಹೊಲದ ದುಡಿಮೆಯನ್ನೂ ಮರೆತಿರುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಭಕ್ಷ್ಯಗಳನ್ನು ವರ್ಣಿಸಿದ್ದು ರಾಜಭೋಗದ ಅಂಗವಾಗಿಯೇ ಹೊರತು ಸಾಮಾನ್ಯರ ದಿನದ ಊಟವಾಗಿ ಅಲ್ಲ. ಆದರೂ ಆ ವ್ಯವಸ್ಥೆಯ ಒಂದು ಅಂಶ ಇಂದಿಗೂ ಪರಿಶೀಲನಾರ್ಹವಾಗಿದೆ. ಬಾಳೆಲೆಯ ಊಟದಲ್ಲಿ ಪಾಯಸ ಮೊದಲು ತೊಟ್ಟಿನಷ್ಟು ಬಿದ್ದು, ಭಕ್ಷ್ಯ ನಡುವೆ ಬಂದು, ಊಟ ಮುಗಿಯುವುದು ಮಜ್ಜಿಗೆಯನ್ನದಿಂದ. ಒಂದೇ ರುಚಿಯನ್ನು ತಿನ್ನುತ್ತ ಹೋದಂತೆ ಆ ರುಚಿಯ ಸುಖ ಕುಗ್ಗಿ, ಬೇರೆ ರುಚಿಗಳ ಆಸೆ ಹಾಗೆಯೇ ಉಳಿಯುತ್ತದೆ ಎಂಬುದನ್ನು ಬಾರ್ಬರಾ ರೋಲ್ಸ್ ಮೊದಲಾದವರು 1981ರ ಸುಮಾರಿಗೆ ಪ್ರಯೋಗಗಳಿಂದ ತೋರಿಸಿ, ಅದನ್ನು ರುಚಿನಿಷ್ಠ ತೃಪ್ತಿ ಎನ್ನಬಹುದಾದ ಹೆಸರಿನಿಂದ ಕರೆದರು. ಹೊಟ್ಟೆ ತುಂಬಿದ ಮೇಲೂ ಸಿಹಿಗೆ ಜಾಗವಿರುವುದು ಇದರಿಂದಲೇ. ಸುಖದ ಬಹುಭಾಗ ಮೊದಲ ಕೆಲವು ತುತ್ತುಗಳಲ್ಲೇ ತೀರಿಹೋಗುವುದರಿಂದ, ಸಿಹಿಯ ಪ್ರಮಾಣವನ್ನು ಅರ್ಧಕ್ಕಿಳಿಸಿದರೆ ಸುಖ ಅರ್ಧಕ್ಕಿಳಿಯುವುದಿಲ್ಲ.

ಆ ದೃಷ್ಟಿಯಿಂದ ಮಲೆನಾಡಿನ ತೊಡೆದೇವು ವಿಶೇಷ ಗಮನಕ್ಕೆ ಅರ್ಹವಾದ ಸಿಹಿ. ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಅಕ್ಕಿಹಿಟ್ಟು ಮತ್ತು ಕಬ್ಬಿನಹಾಲಿನ ಮಿಶ್ರಣವನ್ನು ಬಟ್ಟೆಯಿಂದ ತೊಡೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ಮಡಚಿದ ಈ ತಿನಿಸು ಕೈಯಲ್ಲಿ ದೊಡ್ಡದಾಗಿ, ತಕ್ಕಡಿಯಲ್ಲಿ ಹಗುರವಾಗಿ, ಬಾಯಲ್ಲಿ ನಿಧಾನವಾಗಿ ಕರಗುತ್ತದೆ. ಯಾವ ಬದಲಿ ಸಾಮಗ್ರಿಯ ಹಂಗೂ ಅದಕ್ಕಿಲ್ಲ. ಮಾವಿನ ಕಾಲದ ಸೀಕರಣೆಯೂ ಈ ಸಾಲಿಗೇ ಸೇರುತ್ತದೆ. ಮೈಸೂರು ಪಾಕಿನಲ್ಲೂ ತುಪ್ಪದಲ್ಲಿ ತೇಲುವ ಮೆತ್ತನೆಯ ಹೊಸ ಬಗೆಗಿಂತ, ಕಡಿದು ಅಗಿಯಬೇಕಾದ ಹಳೆಯ ಗಟ್ಟಿ ಬಗೆಯೇ ಮೇಲು. ಹಲ್ಲಿಗೆ ಕೆಲಸ ಕೊಡುವುದು ಅದರ ಕುಂದೆಂದು ಹೇಳುವುದುಂಟು, ತೂಕದ ಲೆಕ್ಕದಲ್ಲಿ ಅದೇ ಅದರ ಗುಣ.

ಇಷ್ಟಾಗಿಯೂ ಪ್ರಮಾಣವನ್ನು ನಿರ್ಧರಿಸುವ ಅಧಿಕಾರ ಎಷ್ಟೋ ಸಲ ತಿನ್ನುವವರ ಕೈಯಲ್ಲಿರುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಜಾರಿಸುವುದು ಉಪಚಾರದ ಕುಶಲತೆ ಎನಿಸಿದೆ. ಒಂದೇ ಊಟದಲ್ಲಿ ಮೂರು ನಾಲ್ಕು ಬಗೆಯ ಸಿಹಿ ಬಡಿಸುವ ಈಚಿನ ವಾಡಿಕೆಯಂತೂ, ಒಂದು ರುಚಿ ತಣಿಯುವಷ್ಟರಲ್ಲಿ ಇನ್ನೊಂದನ್ನು ಮುಂದಿಟ್ಟು ಹಸಿವನ್ನು ಹೊಸದಾಗಿ ಕೆಣಕುತ್ತದೆ. ಬಿಡಿಯಾಗಿ ಮಾರುವ ಮಿಠಾಯಿಗೆ ಬಳಕೆಯ ಗಡುವನ್ನು ಫಲಕದಲ್ಲಿ ತೋರಿಸಬೇಕೆಂದು 2020ರಲ್ಲಿ ಆದೇಶವಾಯಿತು. ಒಂದು ತುಂಡಿನ ತೂಕವನ್ನೂ ಕ್ಯಾಲೊರಿಯನ್ನೂ ಅದರ ಪಕ್ಕದಲ್ಲೇ ಬರೆಯುವುದು ಕಷ್ಟದ ಕೆಲಸವೇನಲ್ಲ. ಬಡಿಸುವವರ ಮಟ್ಟಿಗೆ ಹೇಳುವುದಾದರೆ, ಬೇಳೆ ಹೋಳಿಗೆಯನ್ನು ಅಂಗೈಯಗಲಕ್ಕೆ ತಟ್ಟಿ, ಒಂದಕ್ಕೆ ಒಂದೇ ಮಿಳ್ಳೆ ತುಪ್ಪ ಹಾಕಿ, ಕೇಳಿದವರಿಗೆ ಮಾತ್ರ ಎರಡನೆಯದನ್ನು ತರುವ ಅಡುಗೆಯವರು ಸಿಗುವುದಾದರೆ ಸಕ್ಕರೆರಹಿತ ಬರ್ಫಿಗಾಗಿ ಯಾರೂ ಅಂಗಡಿ ಹುಡುಕಬೇಕಾಗಿಲ್ಲ.