ಬಿಡುವಿನ ಹೊತ್ತಿನ ತೆರೆಬರಹ

ದೂರದರ್ಶನದ ಚರಿತ್ರೆಯನ್ನು ಬರೆಯುವವರು ಪ್ರಸಾರವಾದ ಕಾರ್ಯಕ್ರಮಗಳನ್ನು ಎಣಿಸುವರು. ಕಾರ್ಯಕ್ರಮಗಳಿಲ್ಲದ ಹೊತ್ತಿನಲ್ಲಿ ತೆರೆಯ ಮೇಲೆ ಮೂಡಿದ ಅಕ್ಷರಗಳನ್ನು ಲೆಕ್ಕಕ್ಕೆ ಹಿಡಿಯುವುದು ವಿರಳ. ಅದೂ ಒಂದು ವಾಙ್ಮಯವೇ ಎಂದು ವಾಚಕರು ಕೇಳಬಹುದು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ತ್ರಿಪದಿಗಳನ್ನು ಓದಿ ತಲೆದೂಗಿದ ನಾವು, ಬರಹದ ಬೆಲೆಯನ್ನು ಅದು ನಿಂತ ನೆಲೆಯಿಂದ ಕಟ್ಟಲಾಗದೆಂಬುದನ್ನು ಬಲ್ಲೆವು. ಆದುದರಿಂದ ಟೆಲಿಟೆಕ್ಸ್ಟ್ ಪುಟವನ್ನು ಒಂದು ರಚನೆಯೆಂದು ಭಾವಿಸಿ, ಅದರ ಗುಣದೋಷಗಳನ್ನೂ ಕನ್ನಡಕ್ಕೆ ಅದು ದೊರೆಯದೆ ಹೋದ ಬಗೆಯನ್ನೂ ಇಲ್ಲಿ ಪರಿಶೀಲಿಸುವೆವು.

ಬ್ರಿಟನ್ನಿನ ಬಿ. ಬಿ. ಸಿ. ಸಂಸ್ಥೆಯು 1974ರ ಸಪ್ಟೆಂಬರ 23ರಂದು ‘ಸೀಫ್ಯಾಕ್ಸ್’ ಎಂಬ ಸೇವೆಯನ್ನು ಆರಂಭಿಸಿತು. ದೂರದರ್ಶನದ ಚಿತ್ರಸಂಕೇತದಲ್ಲಿ ಕಣ್ಣಿಗೆ ಕಾಣದೆ ಹೋಗುವ ಕೆಲವು ಗೆರೆಗಳುಂಟು. ಅವುಗಳಲ್ಲಿ ಅಕ್ಷರಗಳ ಸಂಕೇತವನ್ನು ಅಡಗಿಸಿ ಕಳುಹಿಸುತ್ತಿದ್ದರು. ತಕ್ಕ ಯಂತ್ರವುಳ್ಳವನು ಮೂರಂಕಿಯ ಸಂಖ್ಯೆಯನ್ನು ಒತ್ತಿ ಬೇಕಾದ ಪುಟವನ್ನು ತರಿಸಿಕೊಳ್ಳುವನು. ಪುಟಕ್ಕೆ 24 ಸಾಲು, ಸಾಲಿಗೆ 40 ಅಕ್ಷರ. ಒಟ್ಟು 960 ಮನೆಗಳು. ಬಣ್ಣವನ್ನು ಬದಲಿಸುವ ಸಂಕೇತವೂ ಒಂದು ಮನೆಯನ್ನು ನುಂಗುತ್ತಿದ್ದಿತು. ಅಲಂಕಾರಕ್ಕೆ ಅಕ್ಷರವನ್ನು ತೆರಬೇಕಾದ ಇಂತಹ ಕಟ್ಟಳೆಯು ಬರಹಗಾರನನ್ನು ಮಿತಭಾಷಿಯನ್ನಾಗಿ ಮಾಡಿತು. ಕಂದಪದ್ಯದ 64 ಮಾತ್ರೆಗಳು ಕವಿಯನ್ನು ಬಿಗಿದಂತೆಯೇ ಇದು.

ಬನಹಟ್ಟಿಯ ನೇಕಾರನಿಗೆ ಈ ಬಿಗಿತವು ಹೊಸದಲ್ಲ. ಜಕಾರ್ಡ್ ಮಗ್ಗಕ್ಕೆ ನಕ್ಷೆ ಬರೆಯುವವನು ಚೌಕುಳಿ ಕಾಗದದ ಮನೆಗಳನ್ನು ತುಂಬುವನು. ಆ ನಕ್ಷೆಯಂತೆ ರಟ್ಟಿನ ಪಟ್ಟಿಗಳಲ್ಲಿ ತೂತು ಬೀಳುವುವು. ತೂತಿದ್ದಲ್ಲಿ ಹಾಸಿನ ಎಳೆ ಏಳುವುದು, ಇಲ್ಲದಲ್ಲಿ ಏಳದು. ಸೀರೆಯ ದಡಿಯಲ್ಲಿ ಓರೆಗೆರೆಯು ಮೆಟ್ಟಿಲು ಮೆಟ್ಟಿಲಾಗಿಯೇ ಮೂಡುವುದು. ಟೆಲಿಟೆಕ್ಸ್ಟಿನ ಚಿತ್ರಗಳೂ ಅಂತಹವೇ: ಒಂದು ಮನೆಯನ್ನು ಆರು ತುಂಡು ಮಾಡಿ, ಆ ತುಂಡುಗಳಿಂದ ಭೂಪಟವನ್ನೋ ಮೋಡವನ್ನೋ ಕಟ್ಟುತ್ತಿದ್ದರು. ಅವನ್ನು ಒರಟೆಂದು ಜರಿದವರು ಕುಂಚದ ಕೆಲಸದೊಡನೆ ಹೋಲಿಸಿದರು. ದಡಿಯೊಡನೆ ಹೋಲಿಸಿದ್ದರೆ ಬೇರೆ ತೀರ್ಪು ಬರುತ್ತಿದ್ದಿತು.

ಇನ್ನು ಬಿಡುವಿನ ಹೊತ್ತಿನ ಮಾತು. 1980ರ ಸುಮಾರಿನಿಂದ ಬಿ. ಬಿ. ಸಿ.ಯು ಕಾರ್ಯಕ್ರಮಗಳಿಲ್ಲದ ತಾಸುಗಳಲ್ಲಿ ಈ ಪುಟಗಳನ್ನೇ ಚಿತ್ರವಾಗಿ, ಹಿನ್ನೆಲೆಯ ವಾದ್ಯದೊಡನೆ, ತೋರಿಸತೊಡಗಿತು. ವಿಶೇಷ ಯಂತ್ರವಿಲ್ಲದವರೂ ಓದಬಹುದಾಯಿತು. ಬರಹವು ಅದೇ, ಆದರೆ ಓದು ಬೇರೆ. ಮೊದಲು ಪುಟವನ್ನು ಆರಿಸುವವನು ಓದುಗನಾಗಿದ್ದನು. ಈಗ ಪುಟವು ತಾನಾಗಿ ತಿರುವತೊಡಗಿತು. ಚುರುಕಿನವನು ಕಾಯಬೇಕು, ನಿಧಾನಿಯು ಅರ್ಧಕ್ಕೇ ಬಿಡಬೇಕು. ಆಯ್ಕೆಯನ್ನು ಕಳೆದುಕೊಂಡುದು ದೋಷವೇ ಸರಿ. ಆದರೆ ಬೇಡದ ಪುಟವೂ ಕಣ್ಣಿಗೆ ಬಿದ್ದು, ಹವೆಯ ಸುದ್ದಿಗೆ ಕಾದವನು ಪೇಟೆಯ ದರವನ್ನೂ ಅರಿತನು. ಈ ಪ್ರಸಾರವು 2012ರ ಅಕ್ಟೋಬರ 22ರಂದು ಕೊನೆಗೊಂಡಿತು; ಮರುದಿನವೇ ಸೀಫ್ಯಾಕ್ಸ್ ಕೂಡ ನಿಂತಿತು.

ನಮ್ಮ ದೇಶದಲ್ಲಿ ದೂರದರ್ಶನವು 1985ರಲ್ಲಿ ದೆಹಲಿಯಿಂದ ‘ಇನ್‌ಟೆಕ್ಸ್ಟ್’ ಎಂಬ ಸೇವೆಯನ್ನು ತೊಡಗಿತು. ಕನ್ನಡಕ್ಕೆ ಆ ಭಾಗ್ಯ ಬರಲಿಲ್ಲ. ನಮ್ಮ ಲಿಪಿಯೇ ಇದಕ್ಕೆ ಅಡ್ಡಿಯೆಂದು ಹೇಳುವುದುಂಟು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ: ರೋಮನ್ ಅಕ್ಷರದ ಅಳತೆಗೆ ಕೊಯ್ದ ಮನೆಯಲ್ಲಿ ‘ಸ್ತ್ರೀ’ ಎಂಬ ಒಂದಕ್ಷರವು ತನ್ನ ಒತ್ತುಗಳೊಡನೆ ಕೂಡಲಾರದು. ಆದರೆ ದೋಷವು ಅಳತೆಯದು, ಅಕ್ಷರದ್ದಲ್ಲ. ಸಾಲಿಗೆ ಎರಡು ಮನೆಗಳ ಎತ್ತರ ಕೊಟ್ಟಿದ್ದರೆ ಪುಟಕ್ಕೆ 12 ಸಾಲುಗಳಾದರೂ ಹಿಡಿಯುತ್ತಿದ್ದುವು. ಮೇಲಾಗಿ ಬಿಡುವಿನ ಹೊತ್ತಿನ ಪುಟಕ್ಕೆ ಈ ಆಕ್ಷೇಪವು ತಗಲುವುದೇ ಇಲ್ಲ. ಅದು ಸಂಕೇತವಾಗಿ ಬಂದು ಮನೆಯ ಯಂತ್ರದಲ್ಲಿ ಅಕ್ಷರವಾಗುವುದಲ್ಲ; ಚಿತ್ರವಾಗಿಯೇ ಬರುವುದು. ಫಲಕದ ಮೇಲೆ ಕೈಯಿಂದ ಬರೆದು ತೋರಿಸಿದರೂ ಸಾಕು. ಬೆಂಗಳೂರು ಕೇಂದ್ರವು 1981ರ ನವೆಂಬರ 1ರಂದು ಆರಂಭವಾದ ಮೇಲೆ ಕೊರತೆಯಿದ್ದುದು ಲಿಪಿಯಲ್ಲಲ್ಲ, ಸಂಕಲ್ಪದಲ್ಲಿ ಎಂದೇ ನಮ್ಮ ಅಭಿಪ್ರಾಯ.

ಓದುಬಾರದ ಹಳ್ಳಿಗರಿಗೆ ಅಕ್ಷರದ ಪುಟದಿಂದೇನು ಫಲವೆಂಬ ಇನ್ನೊಂದು ಆಕ್ಷೇಪವುಂಟು. 1975ರ ಆಗಸ್ಟ 1ರಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನೆಯ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವು ಮುಟ್ಟಿತು. ಬನಹಟ್ಟಿಯು ಅಂದು ಸೇರಿದ್ದ ವಿಜಾಪುರ ಜಿಲ್ಲೆಯ ಹಳ್ಳಿಗಳೂ ಅವುಗಳಲ್ಲಿದ್ದುವು. ಪ್ರಸಾರವು ದಿನಕ್ಕೆ ನಾಲ್ಕು ತಾಸು. ಉಳಿದ ಇಪ್ಪತ್ತು ತಾಸು ತೆರೆಯು ಬರಿದು. ಎರವಿನ ಉಪಗ್ರಹದಿಂದ ಹೆಚ್ಚನ್ನು ಬಯಸುವುದು ನ್ಯಾಯವಲ್ಲ. ಆದರೆ ಊರಿಗೊಂದೇ ಪೆಟ್ಟಿಗೆಯ ಮುಂದೆ ಜನರು ಕೂಡಿದುದನ್ನು ನೆನೆಯಬೇಕು. ಒಬ್ಬನು ಓದಿ ಹತ್ತು ಮಂದಿ ಕೇಳುವ ಪದ್ಧತಿಯು ಭಾರತವಾಚನದ ಈ ನಾಡಿಗೆ ಹೊಸದೇ? ನಿಧಾನವಾಗಿ ತಿರುವುವ ಪುಟಕ್ಕೆ ಇದಕ್ಕಿಂತ ಒಪ್ಪುವ ಸಭೆಯು ಬೇರೊಂದಿಲ್ಲ.

ಹೋದುದನ್ನು ಹಳಹಳಿಸುವುದಕ್ಕಾಗಿ ಇದನ್ನು ಬರೆಯಲಿಲ್ಲ. ಬ್ರಿಟನ್ನಿನ ಆಸಕ್ತರು ಹಳೆಯ ವಿಡಿಯೊ ಸುರುಳಿಗಳಲ್ಲಿ ಅಡಗಿ ಉಳಿದ ಸಂಕೇತಗಳಿಂದ ಅಳಿದ ಪುಟಗಳನ್ನು ಮರಳಿ ಎತ್ತಿರುವರು. ನಮ್ಮಲ್ಲಿ ಟೆಲಿಟೆಕ್ಸ್ಟ್ ಇರಲಿಲ್ಲವಾದರೂ ತೆರೆಬರಹವಿದ್ದಿತು: ಕಾರ್ಯಕ್ರಮಗಳ ಶೀರ್ಷಿಕೆ, ಪ್ರಕಟಣೆ, ಪ್ರಸಾರವು ಕಡಿದಾಗಿನ ಕ್ಷಮಾಯಾಚನೆ. ಮನೆಮನೆಯ ಸುರುಳಿಗಳಲ್ಲಿ ಅವು ಇನ್ನೂ ಉಳಿದಿರಬಹುದು. ಸುರುಳಿಯ ಆಯುಷ್ಯವಾದರೋ ಬಂಡೆಯದಲ್ಲ. ಶಾಸನಗಳನ್ನು ಹುಡುಕಿ ಅಚ್ಚೊತ್ತಿ ಉಳಿಸಿದ ವಿದ್ವಾಂಸರ ಮನೆತನದವರು ಈ ಬರಹದ ಕಡೆಗೂ ಲಕ್ಷ್ಯ ಕೊಡಬೇಕೆಂದು ಬಿನ್ನವಿಸುವೆವು.